ಜುಟ್ಟಿನ ಮಲ್ಲಿಗೆ: ಒಂದು ಪ್ರೇಮ ಕಾದಂಬರಿಯ ವಿಚಾರ

(ವಾಚನಾಲಯದ ಬೇಸಿಗೆ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣ ಒಂದು ಪ್ರೇಮ ಕಾದಂಬರಿಯನ್ನು ಕುರಿತದ್ದೆಂದು ಬಾಗಿಲ ಹಲಗೆಯ ಮೇಲೆ ಬರೆದುದನ್ನು ಓದಿ ನಿಮ್ಮಲ್ಲಿ ಹಲವರು ನಕ್ಕಿರೆಂದು ಕೇಳಿದೆವು. ನಗುವಂಥದೇ. ಬೋನಸ್ಸು, ತುಟ್ಟಿಭತ್ಯೆ, ಅಂಗಡಿಯ ತೆರಿಗೆ, ಇವುಗಳ ಹೊರತು ಈ ಮೇಜಿನ ಹಿಂದಿನಿಂದ ಬೇರೆ ಮಾತು ಕೇಳಿ ನಿಮಗೆ ಅಭ್ಯಾಸವಿಲ್ಲ. ಆಡಿ ನಮಗೂ ಅಭ್ಯಾಸವಿಲ್ಲ. ಆದರೆ ಈ ವಿಷಯವನ್ನು ನಾವಾಗಿ ಹುಡುಕಿಕೊಂಡು ಹೋದುದಲ್ಲ, ಅದೇ ನಮ್ಮ ಸಭೆಗೆ ಬಂದಿತು.

ಕಳೆದ ತಿಂಗಳ ಸಭೆಯಲ್ಲಿ ನಮ್ಮ ಹಿರಿಯ ಮಿತ್ರರೊಬ್ಬರು ಒಂದು ಸೂಚನೆಯನ್ನು ತಂದರು. ಕಪಾಟಿನಲ್ಲಿರುವ ಪ್ರೇಮ ಕಾದಂಬರಿಗಳನ್ನೆಲ್ಲ ರದ್ದಿಗೆ ಹಾಕಿ, ಬಂದ ಹಣಕ್ಕೆ ಕಾರ್ಮಿಕ ಕಾನೂನಿನ ಪುಸ್ತಕಗಳನ್ನೂ ಚಳವಳಿಗಳ ಚರಿತ್ರೆಗಳನ್ನೂ ಕೊಳ್ಳಬೇಕೆಂಬುದೇ ಆ ಸೂಚನೆ. “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ?” ಎಂದು ಅವರು ಕೇಳಿದಾಗ ಸಭೆಯಲ್ಲಿ ಚಪ್ಪಾಳೆ ಬಿತ್ತು. ಅವರ ಮೇಲೆ ನಮಗೆ ಗೌರವವಿದೆ. ಮುಷ್ಕರದ ದಿನಗಳಲ್ಲಿ ಗಿರಣಿಯ ಬಾಗಿಲ ಮುಂದೆ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಮನೆಗೆ ಹೋದವರು ಅವರು. ಈ ಒಂದು ವಿಷಯದಲ್ಲಿ ಮಾತ್ರ ಅವರೊಡನೆ ನಮಗೆ ಜಗಳವಿದೆ. ಆ ಜಗಳವನ್ನು ಬೆನ್ನ ಹಿಂದೆ ಆಡುವುದಕ್ಕಿಂತ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು ಆಡುವುದು ಮರ್ಯಾದೆ.

ಕಪಾಟಿನ ಕೆಲಸ ನೋಡಿಕೊಳ್ಳುವ ಹುಡುಗನನ್ನು ಕೇಳಿ. ಅಟ್ಟೆ ಕಿತ್ತು, ಮೂಲೆ ಮಡಿಸಿ, ದಾರ ಸಡಿಲಿ ಬಂದಿರುವ ಪುಸ್ತಕಗಳೆಲ್ಲ ಆ ಪ್ರೇಮ ಕಾದಂಬರಿಗಳೇ. ನಾವು ಇಷ್ಟಪಟ್ಟು ತರಿಸಿದ ಅರ್ಥಶಾಸ್ತ್ರದ ಪುಸ್ತಕಗಳು ಮದುವೆಯ ದಿನದ ಪಂಚೆಯಂತೆ ಗರಿಗರಿಯಾಗಿವೆ. ಇದು ಓದುಗರ ತಪ್ಪೋ, ನಮ್ಮದೋ?

ಆದ್ದರಿಂದ ಒಂದು ಪ್ರೇಮ ಕಾದಂಬರಿಯನ್ನು, ಅದರಲ್ಲಿಯೂ ಎಲ್ಲರೂ ಹಗುರವೆಂದು ಕರೆಯುವಂಥದನ್ನು, ಒಬ್ಬ ಸಮಾಜವಾದಿ ಓದಬೇಕಾದ ರೀತಿಯಲ್ಲಿ ಓದಿ ನೋಡೋಣವೆಂದು ತೀರ್ಮಾನಿಸಿದೆವು. ಆರಿಸಿಕೊಂಡದ್ದು ಅಮೆರಿಕದ ಪುಸ್ತಕ. ಹೆಸರು ‘ಸೆವೆಂಟೀಂತ್ ಸಮ್ಮರ್’, ಅಂದರೆ ಹದಿನೇಳನೆಯ ಬೇಸಿಗೆ. ಬರೆದಾಕೆ ಮೋರೀನ್ ಡೇಲಿ. ಐರ್ಲೆಂಡಿನಲ್ಲಿ 1921ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿಯೇ ಅಮೆರಿಕಕ್ಕೆ ಬಂದ ಕುಟುಂಬದವಳು. ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಈ ಕಾದಂಬರಿಯನ್ನು ಬರೆದಳು. 1942ರಲ್ಲಿ ಅದು ಅಚ್ಚಾಯಿತು. 1942 ಎಂದರೆ ನಮಗೆ ‘ಮಾಡು ಇಲ್ಲವೆ ಮಡಿ’ಯ ವರ್ಷ. ಅಮೆರಿಕಕ್ಕೋ, ಅದು ಜಪಾನಿನ ಮೇಲೆಯೂ ಜರ್ಮನಿಯ ಮೇಲೆಯೂ ಯುದ್ಧಕ್ಕೆ ಇಳಿದು ಕೆಲವೇ ತಿಂಗಳಾಗಿದ್ದ ವರ್ಷ. ಆ ಕತೆಯ ನಾಯಕನ ವಯಸ್ಸಿನ ಹುಡುಗರು ಸಿಪಾಯಿಯ ಉಡುಪು ತೊಡುತ್ತಿದ್ದ ಕಾಲ. ಅಂಥ ಕಾಲದಲ್ಲಿ ಬಂದ, ಒಂದು ಸಣ್ಣ ಊರಿನ ಬೇಸಿಗೆಯ ಕತೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಆಕೆಯ ಮುಂದಿನ ಕಾದಂಬರಿ ಬರಲು ನಾಲ್ವತ್ತು ವರ್ಷಗಳ ಮೇಲಾಯಿತು ಎಂಬುದನ್ನೂ ಹೇಳಿಬಿಡುತ್ತೇವೆ. ನಡುವೆ ಆಕೆ ಪತ್ರಿಕೆಗಳಿಗೆ ಬರೆದು ದುಡಿದು ಬದುಕಿದಳು. 2006ರಲ್ಲಿ ತೀರಿಕೊಂಡಳು.

ಕತೆ ದೊಡ್ಡದಲ್ಲ. ವಿಸ್ಕಾನ್ಸಿನ್ ರಾಜ್ಯದಲ್ಲಿ ವಿನ್ನೆಬೇಗೊ ಎಂಬ ದೊಡ್ಡ ಸರೋವರವಿದೆ. ಅದರ ತೆಂಕಣ ತುದಿಯಲ್ಲಿ ಫಾನ್ ಡು ಲ್ಯಾಕ್ ಎಂಬ ಊರು. ಏಂಜಿ ಮಾರೋ ಎಂಬ ಹದಿನೇಳರ ಹುಡುಗಿ ಆ ವರ್ಷ ಹುಡುಗಿಯರ ಶಾಲೆಯ ಓದು ಮುಗಿಸಿದ್ದಾಳೆ. ಬೇಸಿಗೆ ಕಳೆದರೆ ಶಿಕಾಗೊದ ಕಾಲೇಜಿಗೆ ಹೋಗತಕ್ಕವಳು. ಜ್ಯಾಕ್ ಡುಲೂತ್ ಎಂಬುವನು ಬೇಕರಿಯವನ ಮಗ. ಊರ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡಿ ಹೆಸರು ಮಾಡಿದವನು. ಈಗ ಅಪ್ಪನ ಬೇಕರಿಯ ವ್ಯಾನು ಓಡಿಸಿಕೊಂಡು ಮನೆಮನೆಗೆ ಬ್ರೆಡ್ಡು ಹಾಕುತ್ತಾನೆ. ಅವನು ಅವಳನ್ನು ಸರೋವರದಲ್ಲಿ ಹಾಯಿದೋಣಿಯಲ್ಲಿ ತಿರುಗಾಡಲು ಕರೆಯುತ್ತಾನೆ. ಅವಳು ತಾಯಿಯ ಅಪ್ಪಣೆ ಪಡೆದು ಹೋಗುತ್ತಾಳೆ. ಜೂನಿನಿಂದ ಆಗಸ್ಟಿನವರೆಗೆ ಮೂರು ತಿಂಗಳು. ದೋಣಿ, ಸಂಜೆಯ ತಿರುಗಾಟ, ಹುಡುಗರು ಸೇರುವ ಒಂದು ಪಾನೀಯದ ಅಂಗಡಿ, ಸಣ್ಣ ಮುನಿಸು, ಸಣ್ಣ ಸಮಾಧಾನ. ಕೊನೆಗೆ ಅವಳು ಶಿಕಾಗೊದ ಕಾಲೇಜಿಗೆ ಹೊರಡುತ್ತಾಳೆ; ಅವನು ದೂರದ ಓಕ್ಲಹೋಮಾದಲ್ಲಿ ಚಿಕ್ಕಪ್ಪನ ಬೇಕರಿಯ ಕೆಲಸಕ್ಕೆ ಹೋಗಬೇಕಾಗುತ್ತದೆ. ಮದುವೆಯಿಲ್ಲ, ವಿಷ ಕುಡಿಯುವುದಿಲ್ಲ, ಖಳನಾಯಕನಿಲ್ಲ. ಇಷ್ಟೇ.

“ಇದರಲ್ಲಿ ಏನಿದೆ?” ಎಂದು ಮೊದಲು ಓದಿದಾಗ ನಮಗೂ ಅನ್ನಿಸಿತು. ಆದರೆ ಒಂದು ಊಟದ ಪ್ರಸಂಗ ಬರುತ್ತದೆ. ಅಲ್ಲಿ ನಾವು ನಿಂತೆವು.

ಜ್ಯಾಕನನ್ನು ಏಂಜಿಯ ಮನೆಗೆ ಊಟಕ್ಕೆ ಕರೆಯುತ್ತಾರೆ. ಆಕೆಯ ಅಕ್ಕ ಲೊರೇನ್ ಕಾಲೇಜು ಕಲಿತವಳು. ಓದಿದವರ ಮಾತನ್ನು ಆಡುತ್ತಾಳೆ. ಬ್ರೆಡ್ಡಿನ ಹುಡುಗನಿಗೆ ಉತ್ತರ ಹೊಳೆಯದು. ದೋಣಿಯಲ್ಲಿ ಗಾಳಿಯನ್ನು ಅಳೆದು ಹಾಯಿಯನ್ನು ತಿರುಗಿಸಬಲ್ಲ ಹುಡುಗ, ಮೇಜಿನ ಮುಂದೆ ಕೈಕಾಲು ಎಲ್ಲಿಡಬೇಕೆಂದು ತಿಳಿಯದವನಾಗಿ ಕೂರುತ್ತಾನೆ. ಊಟದ ಕೊನೆಗೆ ಸಿಹಿ ತಿನ್ನುವಾಗ ಅವನ ಚಮಚ ಹಲ್ಲಿಗೆ ತಾಗಿ ಸದ್ದಾಗುತ್ತದೆ. ಅಷ್ಟೇ ಆದದ್ದು. ಏಂಜಿಗೆ ಆ ಸದ್ದು ಸಹಿಸದಾಗುತ್ತದೆ. ಮನೆಯವರೆಲ್ಲ ಅದನ್ನು ಕೇಳಿದರೆಂದು ಅವಳಿಗೆ ನಾಚಿಕೆ. ಪ್ರೀತಿಸಿದ ಹುಡುಗನ ವಿಷಯದಲ್ಲಿ ನಾಚಿದೆನಲ್ಲಾ ಎಂದು ಆಮೇಲೆ ಇನ್ನೊಂದು ನಾಚಿಕೆ.

ಗಮನಿಸಿ, ಏಂಜಿ ಜಮೀನ್ದಾರನ ಮಗಳಲ್ಲ, ಗಿರಣಿಯ ಮಾಲೀಕನ ಮಗಳೂ ಅಲ್ಲ. ಅವಳ ತಂದೆ ಊರೂರು ತಿರುಗಿ ಸರಕು ಮಾರುವ ಮನುಷ್ಯ; ವಾರವೆಲ್ಲ ಹೊರಗೆ, ವಾರದ ಕೊನೆಗೆ ಮನೆ. ಇಲ್ಲಿ ಕುಳಿತಿರುವ ವ್ಯಾಪಾರಿ ಮಿತ್ರರಿಗೆ ಆ ಜೀವನ ಗೊತ್ತು. ಅವನಿಗೂ ಬೇಕರಿಯವನಿಗೂ ನಡುವೆ ಇರುವುದು ಒಂದೇ ಮೆಟ್ಟಿಲು. ಆ ಒಂದು ಮೆಟ್ಟಿಲೇ ಚಮಚದ ಸದ್ದಾಗಿ ಕೇಳಿಸಿತು. ವರ್ಗಭೇದವೆಂದೊಡನೆ ನಾವು ಮಾಲೀಕನ ಮೋಟಾರನ್ನೂ ಕೂಲಿಯವನ ಗುಡಿಸಿಲನ್ನೂ ನೆನೆಯುತ್ತೇವೆ. ಆ ಭೇದ ಕಣ್ಣಿಗೆ ಹೊಡೆಯುವಂಥದು, ಅದರ ವಿರುದ್ಧ ಘೋಷಣೆ ಕೂಗುವುದು ಸುಲಭ. ಒಂದು ಮೆಟ್ಟಿಲ ಭೇದ ಹಾಗಲ್ಲ. ಅದು ಊಟದ ಮನೆಯೊಳಗೆ, ಮಗಳ ಕಿವಿಯೊಳಗೆ, ಪ್ರೀತಿಯ ಒಳಗೇ ಕುಳಿತಿರುತ್ತದೆ. ನೂಲುವ ಖಾತೆಯವನು ಗುಡಿಸುವವನನ್ನು ನೋಡುವ ನೋಟದಲ್ಲಿ ಅದಿಲ್ಲವೇ? ಗುಮಾಸ್ತೆಯ ಹೆಂಡತಿ ಜವಾನನ ಹೆಂಡತಿಯನ್ನು ಕೂರಿಸುವ ಜಾಗದಲ್ಲಿ ಅದಿಲ್ಲವೇ? ಈ ಮಾತನ್ನು ನಮ್ಮ ಕಪಾಟಿನ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಹುಡುಕಿದೆವು, ಸಿಕ್ಕಲಿಲ್ಲ. ಇಪ್ಪತ್ತೊಂದರ ಹುಡುಗಿಯೊಬ್ಬಳ ಹಗುರ ಕಾದಂಬರಿಯಲ್ಲಿ ಸಿಕ್ಕಿತು.

ನಮ್ಮಲ್ಲಿ ಚಮಚದ ಸದ್ದೂ ಬೇಕಿಲ್ಲ, ಹುಡುಗನ ಕೇರಿಯ ಹೆಸರು ಸಾಕು. ಆ ಹುಡುಗಿಗಾದರೋ ನಾಚಿಕೆಯಾಯಿತು, ತಿದ್ದಿಕೊಂಡಳು. ಇಲ್ಲಿ ಬೇರೆ ಜಾತಿಯವನನ್ನು ಮೆಚ್ಚಿದ ಮಗಳನ್ನು ಹೆತ್ತವರೇ ಕೊಂದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಡಾಕ್ಟರ್ ಲೋಹಿಯಾ ಅವರು, ಸಹಭೋಜನವನ್ನು ನಿರಾಕರಿಸುವವನನ್ನು ಸರ್ಕಾರಿ ನೌಕರಿಗೆ ಅನರ್ಹನೆಂದೂ, ಅಂತರ್ಜಾತಿ ವಿವಾಹವಾದುದನ್ನು ಒಂದು ಅರ್ಹತೆಯೆಂದೂ ಎಣಿಸಬೇಕೆಂದು ಹೇಳಿದಾಗ ಜನ ಅದನ್ನು ಚೇಷ್ಟೆಯೆಂದುಕೊಂಡರು. ಅವರು ಕೈ ಹಾಕಿದ್ದು ಊಟದ ಎಲೆಗೆ ಮತ್ತು ಮದುವೆಯ ಚಪ್ಪರಕ್ಕೆ; ಪ್ರೇಮ ಕಾದಂಬರಿಗಳು ಕೈ ಹಾಕುವುದೂ ಅಲ್ಲಿಗೇ.

ಇನ್ನು ಹೆಣ್ಣುಮಕ್ಕಳ ವಿಷಯ. ಈ ಪುಸ್ತಕದಲ್ಲಿ ಕರೆಯತಕ್ಕವನು ಹುಡುಗ, ಕಾಯತಕ್ಕವಳು ಹುಡುಗಿ. ಟೆಲಿಫೋನು ಬಾರಿಸಲೆಂದು ಮನೆಗೆಲಸದ ನಡುವೆ ಕಿವಿಯಿಟ್ಟು ಕಾಯಬೇಕು. ತಾನಾಗಿ ಕರೆದರೆ ಊರು ಏನೆಂದೀತು! ಅಕ್ಕ ಲೊರೇನಳ ಗತಿಯಂತೂ ಮರುಕ ಹುಟ್ಟಿಸುತ್ತದೆ. ಮಾರ್ಟಿನ್ ಕೀಫ್ ಎಂಬ ವಿಮೆಯ ಮನುಷ್ಯನನ್ನು ನಂಬಿ ಬೇಸಿಗೆಯೆಲ್ಲ ಅವನಿಗಾಗಿ ಸಿಂಗರಿಸಿಕೊಂಡು ಕಾಯುತ್ತಾಳೆ. ಅವನು ಬರುವುದನ್ನು ನಿಲ್ಲಿಸಿಬಿಡುತ್ತಾನೆ. ಹಾಗಾದರೆ ಕಾಲೇಜಿನ ಮಾತು, ಊಟದ ಮೇಜಿನ ನಾಜೂಕು, ಯಾವುದು ಅವಳ ರಕ್ಷಣೆಗೆ ಬಂದಿತು? ಬ್ರೆಡ್ಡಿನ ಹುಡುಗನ ಚಮಚ ಸದ್ದು ಮಾಡಿರಬಹುದು, ಅವನು ಹೇಳಿದ ಹೊತ್ತಿಗೆ ಬರುತ್ತಿದ್ದ. ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟು ಲೇಖಕಿ ಸುಮ್ಮನಾಗುತ್ತಾಳೆ, ಉಪದೇಶ ಮಾಡುವುದಿಲ್ಲ. ನಮಗೆ ಉಪದೇಶ ಮಾಡದೆ ಇರಲಾಗದು. ಭಾಷಣಕಾರರ ಕರ್ಮವೇ ಅದು.

ಈ ಪುಸ್ತಕದ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಬ್ರೆಡ್ಡನ್ನು ಮನೆಗೆ ತಂದುಕೊಡುವವನು ಕಾಣುತ್ತಾನೆ. ಒಲೆಯ ಮುಂದೆ ಬೆವರು ಸುರಿಸಿ ಹಿಟ್ಟು ನಾದುವವನ ಬಾಳು ಅದರೊಳಗೆ ಬರುವುದಿಲ್ಲ. ಬೆಳಗಿನ ಬ್ರೆಡ್ಡು ಬಿಸಿಯಾಗಿ ಬರಬೇಕಾದರೆ ಯಾರೋ ನಡುರಾತ್ರಿ ಎದ್ದಿರಬೇಕು. ಆ ಮನುಷ್ಯನಿಗೆ ಬೇಸಿಗೆಯ ಸಂಜೆ ಇತ್ತೇ, ಅವನು ಯಾರನ್ನಾದರೂ ದೋಣಿಗೆ ಕರೆದನೇ ಎಂದು ಲೇಖಕಿ ಕೇಳಲಿಲ್ಲ. ಆ ಪ್ರಶ್ನೆಯನ್ನು ಓದುಗರಾದ ನಾವು ಕೇಳಬೇಕು. ಸಮಾಜವಾದಿ ಓದು ಎಂದು ಮೊದಲಿಗೆ ಹೇಳಿದೆವಲ್ಲ, ಅದರ ಅರ್ಥ ಇಷ್ಟೇ: ಬೇಸಿಗೆಯ ಪ್ರೇಮದ ಕತೆ ಕೈಗೆ ಬಂದರೆ, ಈ ಬೇಸಿಗೆಯ ಖರ್ಚನ್ನು ಯಾರು ಕೊಟ್ಟರು ಎಂದು ಕೇಳುವುದು.

ಇನ್ನೊಂದು ಪುಸ್ತಕದಿಂದ ಇದು ಸ್ಪಷ್ಟವಾದೀತು. ಫ್ರಾನ್ಸಿನಲ್ಲಿ 1954ರಲ್ಲಿ ಫ್ರಾನ್ಸ್ವಾಜ್ ಸಗಾನ್ ಎಂಬ ಹದಿನೆಂಟರ ಹುಡುಗಿ ‘ಬೋನ್‌ಜೂರ್ ತ್ರಿಸ್ತೆಸ್’ ಎಂಬ ಕಾದಂಬರಿಯನ್ನು ಬರೆದು ಹೆಸರಾದಳು. ಅಲ್ಲಿಯೂ ಹದಿನೇಳರ ಹುಡುಗಿ, ಬೇಸಿಗೆ, ನೀರು, ದೋಣಿಯಿರುವ ಒಬ್ಬ ಹುಡುಗ. ಆದರೆ ಅವಳ ತಂದೆ ಮೆಡಿಟರೇನಿಯನ್ ಕಡಲ ದಂಡೆಯಲ್ಲಿ ಬಿಳಿಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದಿದ್ದಾನೆ. ಅಲ್ಲಿ ಯಾರಿಗೂ ಬೆಳಿಗ್ಗೆ ಎದ್ದು ಹೋಗಬೇಕಾದ ಕೆಲಸವಿಲ್ಲ. ಆ ಹುಡುಗಿಗೆ ಇದ್ದ ಒಂದೇ ಕೆಲಸ ನಪಾಸಾದ ಪರೀಕ್ಷೆಗೆ ಓದುವುದು. ಅದನ್ನು ಓದೆಂದು ಹೇಳಿದ ಹೆಂಗಸಿನ ಮೇಲೆಯೇ ಅವಳು ಸಂಚು ಹೂಡುತ್ತಾಳೆ, ಅದು ಸಾವಿನಲ್ಲಿ ಮುಗಿಯುತ್ತದೆ. ಬರವಣಿಗೆಯಲ್ಲಿ ಸಗಾನಳದೇ ಮೇಲುಗೈ, ಒಪ್ಪಿದೆವು. ಆದರೂ ಅದನ್ನು ಮುಗಿಸಿ ಕೆಳಗಿಟ್ಟಾಗ, ಬ್ರೆಡ್ಡಿನ ವ್ಯಾನಿನ ಹುಡುಗ ನೆನಪಾದ. ಅವನಿಗೆ ಸಂಜೆ ಮಾತ್ರ ಇತ್ತು. ಆದ್ದರಿಂದ ಆ ಸಂಜೆಗೆ ಬೆಲೆಯಿತ್ತು.

ಅದೇ ಫ್ರಾನ್ಸಿನ ದುಡಿಯುವವರು ಕಡಲನ್ನು ನೋಡಿದ್ದು ಹೇಗೆ ಬಲ್ಲಿರಾ? 1936ರ ಮೇ, ಜೂನ್ ತಿಂಗಳುಗಳಲ್ಲಿ ಲಕ್ಷಾಂತರ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿದರು. ಸಮಾಜವಾದಿ ನಾಯಕ ಲಿಯಾನ್ ಬ್ಲೂಮ್ ಅವರ ಸರ್ಕಾರ ಆ ಜೂನಿನಲ್ಲಿಯೇ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆಯ ಶಾಸನವನ್ನು ಮಾಡಿತು, ವಾರಕ್ಕೆ 40 ಗಂಟೆಯ ದುಡಿಮೆಯೆಂದು ಗೊತ್ತುಪಡಿಸಿತು. ಆ ಬೇಸಿಗೆಯಲ್ಲಿ ರೈಲಿನಲ್ಲಿಯೂ ಸೈಕಲ್ಲಿನಲ್ಲಿಯೂ ಹೊರಟ ಎಷ್ಟೋ ಮಂದಿ ತಮ್ಮ ಬಾಳಿನಲ್ಲಿ ಮೊದಲ ಸಲ ಸಮುದ್ರವನ್ನು ಕಂಡರು.

ಏಂಜಿ, ಜ್ಯಾಕರ ವಿಸ್ಕಾನ್ಸಿನ್ ರಾಜ್ಯಕ್ಕೆ ಮರಳೋಣ. ಆ ರಾಜ್ಯದ ದೊಡ್ಡ ಪಟ್ಟಣ ಮಿಲ್ವಾಕಿ, ಇವರ ಊರಿನಿಂದ ತೆಂಕಣಕ್ಕೆ ಸುಮಾರು ಅರವತ್ತು ಮೈಲಿ. ಶಿಕಾಗೊದ ಹೇಮಾರ್ಕೆಟ್ಟಿನ ಕತೆ ಮೇ ದಿನದಂದು ನೀವೆಲ್ಲ ಕೇಳಿದ್ದೀರಿ. ಅದರ ಮಾರನೆಯ ದಿನ, 1886ರ ಮೇ 5ರಂದು, ಮಿಲ್ವಾಕಿಯ ಬೇ ವ್ಯೂ ಎಂಬಲ್ಲಿ ಕಬ್ಬಿಣದ ಕಾರ್ಖಾನೆಯ ಕಡೆಗೆ ಎಂಟು ಗಂಟೆಯ ದಿನ ಬೇಕೆಂದು ಹೊರಟ ಮೆರವಣಿಗೆಯ ಮೇಲೆ ರಾಜ್ಯದ ಸೈನಿಕರು ಗುಂಡು ಹಾರಿಸಿದರು. ಏಳು ಮಂದಿ ಸತ್ತರು. ಅವರಲ್ಲಿ ಒಬ್ಬ ಹದಿಮೂರರ ಹುಡುಗ. ಅವನು ಬದುಕಿದ್ದರೆ ನಾಲ್ಕು ವರ್ಷ ಕಳೆದು ಅವನಿಗೂ ಹದಿನೇಳನೆಯ ಬೇಸಿಗೆ ಬರುತ್ತಿತ್ತು.

ಅದೇ ಮಿಲ್ವಾಕಿಯ ಜನ 1910ರಲ್ಲಿ ಎಮಿಲ್ ಸೈಡೆಲ್ ಎಂಬ ಸಮಾಜವಾದಿಯನ್ನು ಮೇಯರನ್ನಾಗಿ ಆರಿಸಿದರು. ಆಮೇಲೆ ಡೇನಿಯಲ್ ಹೋನ್ ಎಂಬ ಇನ್ನೊಬ್ಬ ಸಮಾಜವಾದಿ 1916ರಿಂದ 1940ರವರೆಗೆ ಇಪ್ಪತ್ತನಾಲ್ಕು ವರ್ಷ ಆ ಪಟ್ಟಣವನ್ನು ಆಳಿದರು. ಚರಂಡಿ, ಕುಡಿಯುವ ನೀರು, ಸಾರ್ವಜನಿಕ ಉದ್ಯಾನ, ಇವೇ ಅವರ ಕ್ರಾಂತಿ. ‘ಚರಂಡಿ ಸಮಾಜವಾದಿಗಳು’ ಎಂದು ಅವರನ್ನು ಅವರ ಪಕ್ಷದವರೇ ಹಾಸ್ಯ ಮಾಡಿದರು. ಮಾಡಲಿ. ಬಾಡಿಗೆಯ ಒಂದು ಕೋಣೆಯಲ್ಲಿ ಏಳೆಂಟು ಜನರೊಡನೆ ವಾಸಿಸುವ ಹುಡುಗ ಹುಡುಗಿಗೆ ಕೂತು ಮಾತಾಡಲು ಉದ್ಯಾನದ ಒಂದು ಬೆಂಚಿಗಿಂತ ದೊಡ್ಡ ಉಪಕಾರವಿಲ್ಲ. ಗುಡಾರಗಳಲ್ಲಿ, ವಠಾರಗಳಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕೇ?

ನಿರುದ್ಯೋಗಿಗೆ ವಿಮೆ ಕೊಡಿಸುವ ಶಾಸನವನ್ನು ಅಮೆರಿಕದಲ್ಲಿ ಮೊದಲು ಮಾಡಿದ ರಾಜ್ಯ ಈ ವಿಸ್ಕಾನ್ಸಿನ್ನೇ, 1932ರಲ್ಲಿ. 1938ರಲ್ಲಿ ರೂಸ್‌ವೆಲ್ಟರ ಸರ್ಕಾರ ದುಡಿಮೆಯ ಹೊತ್ತಿನ ಬಗ್ಗೆ ಇಡೀ ದೇಶಕ್ಕೆ ಶಾಸನ ಮಾಡಿತು: ಮೊದಲು ವಾರಕ್ಕೆ 44 ಗಂಟೆ, 1940ರ ಹೊತ್ತಿಗೆ 40, ಅದಕ್ಕೆ ಮೀರಿದರೆ ಒಂದೂವರೆಪಟ್ಟು ಕೂಲಿ. ಹೊಲದಲ್ಲಿ ದುಡಿಯುವವರನ್ನೂ ಮನೆಗೆಲಸದವರನ್ನೂ ಅದು ಹೊರಗೇ ಬಿಟ್ಟಿತೆಂಬುದು ನಿಜ. ಆದರೂ ಬಹಳ ಮಂದಿಗೆ ಸಂಜೆ ಎಂಬುದೊಂದು ಸಿಕ್ಕಿತು. ಎರಡು ವರ್ಷಕ್ಕೆ ಮೋರೀನ್ ಡೇಲಿಯ ಪುಸ್ತಕ ಬಂದಿತು. ಈ ಶಾಸನದಿಂದಲೇ ಆ ಪುಸ್ತಕ ಹುಟ್ಟಿತೆಂದು ನಾವು ಹೇಳುವುದಿಲ್ಲ. ಅಂಥ ಸುಲಭ ಲೆಕ್ಕ ನಮಗೆ ಇಷ್ಟವಿಲ್ಲ. ಆದರೆ ಹದಿನೇಳು ತುಂಬಿದವರಿಗೆ ಬೇಸಿಗೆಯ ಸಂಜೆಯೊಂದು ಇರುತ್ತದೆಂದು ಲಕ್ಷಗಟ್ಟಲೆ ಓದುಗರು ನಂಬಬಲ್ಲವರಾಗಿದ್ದರು. ಬೇ ವ್ಯೂ ಕಾಲದ ಕೂಲಿಯವನು ನಂಬುತ್ತಿರಲಿಲ್ಲ.

ನಮ್ಮ ಮಾತಿಗೆ ಬರೋಣ. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಎಂದು ಮಿತಿ ಹಾಕಿತು. ವರ್ಷದಲ್ಲಿ 240 ದಿನ ದುಡಿದವನಿಗೆ 20 ದಿನಕ್ಕೆ ಒಂದರಂತೆ ಸಂಬಳದ ರಜೆಯನ್ನು ಕೊಟ್ಟಿತು. 2023ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಅದಕ್ಕೆ ತಿದ್ದುಪಡಿ ತಂದು, ವಾರದ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. “ವಾರದ ಒಟ್ಟು ಹೊತ್ತು ಅಷ್ಟೇ ಅಲ್ಲವೇ, ನಷ್ಟವೇನು?” ಎಂದು ಕೇಳುವವರಿದ್ದಾರೆ. ಹನ್ನೆರಡು ಗಂಟೆ ಯಂತ್ರದ ಮುಂದೆ ನಿಂತು, ಹೋಗಿ ಬರುವುದಕ್ಕೆ ಎರಡು ಗಂಟೆ ಕಳೆದು, ಮನೆಗೆ ಬಂದು ಉಂಡು ಬಿದ್ದುಕೊಳ್ಳುವವನಿಗೆ ಆ ದಿನದಲ್ಲಿ ಸಂಜೆಯೆಂಬುದು ಎಲ್ಲಿದೆ? ಹೆಣ್ಣುಮಗಳಾದರೆ ಉಣ್ಣುವ ಮೊದಲು ಅಡುಗೆಯನ್ನೂ ಮಾಡಬೇಕು. ಅಂಗಡಿಕಾರ ಮಿತ್ರರೇ, ನೀವೂ ನಿಮ್ಮ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹುಡುಗನ ಮುಖ ನೋಡಿ. ಬೆಳಿಗ್ಗೆ ಬಾಗಿಲು ತೆಗೆಯುವವನೂ ಅವನೇ, ರಾತ್ರಿ ಕಸ ಗುಡಿಸಿ ಬೀಗ ಹಾಕುವವನೂ ಅವನೇ. ನಿಮಗೂ ಬಿಡುವಿಲ್ಲ, ಬಲ್ಲೆವು. ಆದರೆ ಅವನ ಹದಿನೇಳನೆಯ ಬೇಸಿಗೆ ನಿಮ್ಮ ಗಲ್ಲಾದ ಎದುರಿಗೇ ಕಳೆಯುತ್ತಿದೆ.

ನಮ್ಮ ಹಿರಿಯ ಮಿತ್ರರ ಗಾದೆಯ ವಿಷಯ ಒಂದು ಮಾತು. ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿನ ಮಲ್ಲಿಗೆಯನ್ನು ಕಂಡು ನಗುವ ಆ ಗಾದೆಯನ್ನು ಹಸಿದವನು ಕಟ್ಟಿರಲಾರ, ಉಂಡು ತೇಗಿದವನು ಕಟ್ಟಿರಬೇಕು. ಕೂಲಿಯವನಿಗೆ ಹಿಟ್ಟು ಸಾಕು, ಹೂವು ಅವನ ಯೋಗ್ಯತೆಗೆ ಮೀರಿದ್ದು ಎಂಬ ಭಾವ ಅದರೊಳಗಿದೆ. ನಮ್ಮ ಮಾಲೀಕರೂ ಇದನ್ನೇ ಹೇಳುತ್ತ ಬಂದವರು. ಮುಷ್ಕರದ ಮುಂಚೂಣಿಯಲ್ಲಿ ನಿಂತ ಹಿರಿಯರ ಬಾಯಿಂದ ಅದು ಬಂದುದೇ ನಮಗೆ ನೋವು.

ರಾತ್ರಿ ಪಾಳಿಗೆ ಹೋಗುವ ಹುಡುಗನೊಬ್ಬ ಕಪಾಟಿನಿಂದ ಒಂದು ಪ್ರೇಮ ಕಾದಂಬರಿಯನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಒಯ್ಯುವುದನ್ನು ಕಂಡಿದ್ದೇವೆ. ಮುಚ್ಚಿಡುವುದೇಕೆ? ನಮ್ಮಂಥವರು ನಕ್ಕೇವೆಂದು. ಇನ್ನು ಮುಂದೆ ಮುಚ್ಚಿಡಬೇಡ ತಮ್ಮಾ. ಓದಿ ಮುಗಿಸಿದ ಮೇಲೆ, ಅದರ ನಾಯಕ ಯಾವ ಹೊತ್ತಿಗೆ ಕೆಲಸಕ್ಕೆ ಹೋಗುತ್ತಾನೆ, ನಾಯಕಿಯ ಮನೆಯ ಪಾತ್ರೆ ತೊಳೆಯುವವರು ಯಾರು ಎಂದು ಬಂದು ನಮಗೆ ಹೇಳು. ಬಹಳ ಪುಸ್ತಕಗಳಲ್ಲಿ ಅದು ಬರೆದಿರುವುದಿಲ್ಲ. ಅದನ್ನೂ ಹೇಳು.

ಕಾನೂನಿನ ಪುಸ್ತಕಗಳು ಬೇಕು, ನಾವು ಬೇಡವೆನ್ನಲಿಲ್ಲ. ಅದಕ್ಕೆ ಬೇರೆ ವಂತಿಗೆ ಎತ್ತೋಣ. ಮೊದಲ ನೂರು ರೂಪಾಯಿ ನಮ್ಮದು. ರದ್ದಿಗೆ ಹಾಕುವ ಸೂಚನೆ ಬರುವ ಭಾನುವಾರ ಮತಕ್ಕೆ ಬರುತ್ತದೆ. ಕಪಾಟು ಇದ್ದಂತೆಯೇ ಇರಲಿ ಎನ್ನುವ ಕಡೆಗೆ ನಮ್ಮ ಕೈ ಏಳುತ್ತದೆ. ಅಂದು ಪಾಳಿಯಿರುವವರು ಶನಿವಾರ ಸಂಜೆಯೇ ಬಂದು ಪುಸ್ತಕದಲ್ಲಿ ತಮ್ಮ ಮತ ಬರೆದು ಹೋಗಬಹುದು. ಆರರಿಂದ ಒಂಬತ್ತರವರೆಗೆ ಬಾಗಿಲು ತೆರೆದಿರುತ್ತದೆ.